ಹಾರಿಹೋದ ಕ್ಲಿಪ್, ಕಾಲು ಮುರಿದ ಟ್ರಾನ್ಸಿಸ್ಟರ್

ಪ್ರಶ್ನೆ: ಸರ್, ನಮ್ಮ ತಂದೆ ಕೊಂಡಿದ್ದ ಹಳೆಯ ಟೂ-ಇನ್-ಒನ್ ಇದೆ. ರೇಡಿಯೋ ಚೆನ್ನಾಗಿ ಹಾಡುತ್ತದೆ, ಕ್ಯಾಸೆಟ್ ಮಾತ್ರ ತಿರುಗುವುದಿಲ್ಲ. ಬಿಚ್ಚಿ ನೋಡಿದರೆ ಬೆಲ್ಟ್ ಕರಗಿ ಅಂಟಂಟಾಗಿದೆ. ಬೆಲ್ಟಿನಿಂದ ತಿರುಗುವ ಭಾರದ ಚಕ್ರ (ಫ್ಲೈವೀಲ್) ತೆಗೆಯಲು ಹೋದೆ, ಬರಲಿಲ್ಲ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಚಕ್ರದ (ಪಿಂಚ್ ರೋಲರ್) ಹತ್ತಿರದ ಸಣ್ಣ ಕ್ಲಿಪ್ ಒಂದನ್ನು ಸ್ಕ್ರೂ ಡ್ರೈವರ್‌ನಿಂದ ಮೀಟಿದೆ. ಟಿಕ್ ಅಂತ ಹಾರಿತು, ಸಿಗಲೇ ಇಲ್ಲ. ಇಂಥವು ಇನ್ನೂ ನಾಲ್ಕೈದು ಇವೆ, ಮುಟ್ಟಲು ಭಯ. ಇವನ್ನು ತೆಗೆಯುವುದು ಹೇಗೆ? ಅಂಗಡಿಯಲ್ಲಿ ಏನಂತ ಕೇಳಬೇಕು? ಇನ್ನೊಂದು ವಿಷಯ, ಬಿಚ್ಚುವಾಗ ಬೋರ್ಡಿನ ಒಂದು ಟ್ರಾನ್ಸಿಸ್ಟರ್‌ನ ಕಾಲು ಮುರಿಯಿತು. ಮೇಲೆ ಸಿ1815 ಅಂತ ಇದೆ. ಅಂಗಡಿಯವರು ಬಿಸಿ547 ಕೊಟ್ಟು ಇದನ್ನೇ ಹಾಕಿ ಅಂದರು. ಹಾಕಬಹುದಾ? ಅದೇ ಬೋರ್ಡಿನ ಐಸಿಯ ಮೇಲೆ 9142 ಎಂದಿದೆ. ಆ ನಂಬರಿನ ಐಸಿ ಎಲ್ಲೂ ಸಿಗುತ್ತಿಲ್ಲ. (ಹಾಸನದ ಓದುಗರೊಬ್ಬರು)

ಉತ್ತರ: ಆ ಕ್ಲಿಪ್ ಸಿಗುವ ತನಕ, ಇಲ್ಲವೇ ಅದು ಸೆಟ್ಟಿನ ಒಳಗೆ ಇಲ್ಲ ಅಂತ ಖಾತ್ರಿಯಾಗುವ ತನಕ ಸೆಟ್ಟಿಗೆ ಕರೆಂಟ್ ಕೊಡಬೇಡಿ. ಸೆಲ್ ಹಾಕಿದ್ದರೆ ಅದನ್ನೂ ತೆಗೆದಿಡಿ. ಹಾರಿದ ಕ್ಲಿಪ್ ನೆಲಕ್ಕೇ ಬಿದ್ದಿರಬೇಕು ಅಂತೇನಿಲ್ಲ, ಸೆಟ್ಟಿನ ಒಳಗೂ ಬಿದ್ದಿರಬಹುದು. ಅದು ಬೋರ್ಡಿನ ಎರಡು ಸಾಲ್ಡರ್ ಚುಕ್ಕಿಗಳ ನಡುವೆ ಕೂತಿದ್ದು ನೀವು ಸ್ವಿಚ್ ಹಾಕಿದರೆ, ಸರಿ ಇರುವ ರೇಡಿಯೋ ಕೂಡ ಹೋಗುತ್ತದೆ.

ಮೊದಲು ಸ್ಪೀಕರಿನ ಹಿಂಭಾಗ ನೋಡಿ. ಅಲ್ಲಿ ದೊಡ್ಡ ಮ್ಯಾಗ್ನೆಟ್ ಇದೆ ಅಲ್ವಾ, ಕಳೆದುಹೋದ ಸ್ಪ್ರಿಂಗು, ಸ್ಕ್ರೂ, ಕ್ಲಿಪ್ಪುಗಳೆಲ್ಲ ಎಷ್ಟೋ ಸಲ ಅಲ್ಲೇ ಅಂಟಿಕೊಂಡಿರುತ್ತವೆ. ಆಮೇಲೆ ಸೆಟ್ಟನ್ನು ಬೆಡ್‌ಶೀಟ್ ಮೇಲೆ ಬೋರಲು ಹಿಡಿದು ನಿಧಾನಕ್ಕೆ ಅಲುಗಾಡಿಸಿ. ಅಲ್ಲೂ ಇಲ್ಲದಿದ್ದರೆ ನೆಲ. ಫ್ಯಾನ್ ಆಫ್ ಮಾಡಿ, ದೀಪ ಆರಿಸಿ. ಟಾರ್ಚನ್ನು ನೆಲದ ಮೇಲೆ ಮಲಗಿಸಿ ಬೆಳಕು ಹಾಯಿಸಿ. ಓರೆ ಬೆಳಕಿನಲ್ಲಿ ಎರಡು ಮಿಲಿಮೀಟರ್ ವಸ್ತುವಿಗೂ ಉದ್ದನೆಯ ನೆರಳು ಬೀಳುತ್ತದೆ. ಪೊರಕೆ ಹಿಡಿಯುವುದು ಕಡೆಗೆ. ಗುಡಿಸಿದರೆ ಸುಮ್ನೆ ಇನ್ನೊಂದು ಮೂಲೆಗೆ ಹೋಗಿ ಸೇರುತ್ತದೆ.

ಈಗ ಡೆಕ್, ಅಂದರೆ ಕ್ಯಾಸೆಟ್ ತಿರುಗಿಸುವ ಯಂತ್ರಭಾಗದ ಕಡೆ ಬರೋಣ. ರಿಪೇರಿಯವರು ಎಲ್ಲವನ್ನೂ ಲಾಕ್ ಅಂತಲೇ ಕರೆದುಬಿಡುತ್ತಾರೆ. ಆದರೆ ಒಂದೇ ಡೆಕ್ಕಿನಲ್ಲಿ ಮೂರು ನಾಲ್ಕು ಬಗೆಯ ಲಾಕ್ ಇರುತ್ತವೆ. ಒಂದೊಂದೂ ಬಿಡುವ ದಿಕ್ಕು ಬೇರೆ. ಮೀಟುವ ಮುಂಚೆ ಅದು ಯಾವ ದಿಕ್ಕಿಗೆ ಬಿಡುತ್ತದೆ ಅಂತ ಗೊತ್ತಾದರೆ ಕೆಲಸ ಮುಕ್ಕಾಲು ಮುಗಿದ ಹಾಗೆ.

ನಿಮ್ಮ ಕೈಯಿಂದ ಹಾರಿದ್ದು ಬಹುಶಃ ಇ-ಕ್ಲಿಪ್. ಭೂತಗನ್ನಡಿ ಹಿಡಿದು ಉಳಿದವುಗಳಲ್ಲಿ ಒಂದನ್ನು ನೋಡಿ. ಒಂದು ಬದಿ ತೆರೆದ ಉಂಗುರ, ಒಳಗೆ ಮೂರು ಹಲ್ಲು. ಒಂದು ಹಲ್ಲು ಬೆನ್ನಿನ ಮಧ್ಯದಲ್ಲಿ, ಎರಡು ತೆರೆದ ಬಾಯಿಯ ಅಕ್ಕಪಕ್ಕ. ಈ ಮೂರು ಹಲ್ಲುಗಳು ಶಾಫ್ಟಿನ (ಚಕ್ರ ಕೂರುವ ಕಡ್ಡಿ) ಸುತ್ತ ಕೊರೆದ ತೋಡಿನಲ್ಲಿ ಕೂರುತ್ತವೆ. ಇದನ್ನು ಹಾಕುವುದೂ ತೆಗೆಯುವುದೂ ಪಕ್ಕದಿಂದ, ಮೇಲಿನಿಂದ ಅಲ್ಲ. ಶಾಫ್ಟ್ ಬಾಯಿಯ ಮೂಲಕವೇ ಆಚೆ ಬರಬೇಕು. ಹಾಗಾಗಿ ಕ್ಲಿಪ್ ಯಾವಾಗಲೂ ಬೆನ್ನಿನ ಕಡೆಗೇ ಜಾರುತ್ತದೆ, ಬೆನ್ನಿನ ಕಡೆಗೇ ಹಾರುತ್ತದೆ. ಬಾಯಿ ಎಡಕ್ಕಿದ್ದರೆ ಬಲಕ್ಕೆ. ಇದರಲ್ಲಿ ಅದೃಷ್ಟದ ಮಾತೇ ಇಲ್ಲ.

ತೆಗೆಯುವುದು ಹೀಗೆ. ಕ್ಲಿಪ್ ಶಾಫ್ಟಿನ ಸುತ್ತ ತಿರುಗುತ್ತದೆ, ಮೊದಲು ಅದನ್ನು ಸೂಜಿಮೊನೆಯಿಂದ ತಿರುಗಿಸಿ. ಬೆನ್ನು ನಿಮ್ಮ ಎಡಗೈ ಬೆರಳಿನ ಕಡೆ ಬರಲಿ, ಎದುರಿಗೆ ಬೇರೆ ಭಾಗ ಅಡ್ಡ ಇರದಿರಲಿ. ಬೆನ್ನಿಗೆ ಎಡಗೈ ಬೆರಳಿನ ತುದಿಯನ್ನು ಒತ್ತಿ ಹಿಡಿಯಿರಿ. ಹಲ್ಲುಗಳ ನಡುವೆ ಎರಡು ಸಣ್ಣ ಕಿಂಡಿಗಳಿವೆ ನೋಡಿ, ಅದರಲ್ಲೊಂದಕ್ಕೆ ವಾಚ್ ರಿಪೇರಿಯ ಚಪ್ಪಟೆ ಸ್ಕ್ರೂ ಡ್ರೈವರ್ ತುದಿ ಇಟ್ಟು ತಿರುಗಿಸಿ. ಮೀಟಬೇಡಿ, ತಿರುಗಿಸಿ. ಮೀಟಿದರೆ ಕ್ಲಿಪ್ ಮೇಲಕ್ಕೆ ಬಾಗುತ್ತದೆ, ತಿರುಗಿಸಿದರೆ ಅಡ್ಡಕ್ಕೆ ಜಾರುತ್ತದೆ. ನಿಮ್ಮದು ಹಾರಿದ್ದೂ ಮೀಟಿದ್ದಕ್ಕೇ ಇರಬೇಕು. ಇನ್ನೊಂದು ದಾರಿ ಎಂದರೆ ಬಾಯಿಯ ಎರಡೂ ತುದಿಗಳನ್ನು ನೋಸ್ ಪ್ಲೈಯರಿನಿಂದ ಹಿಂದಕ್ಕೆ ತಳ್ಳುವುದು. ಜಾಗ ಇದ್ದರೆ ಅದೇ ಒಳ್ಳೆಯದು.

ಆದರೂ ಹಾರುವ ಭಯ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ತಗೊಳ್ಳಿ. ಡೆಕ್ಕನ್ನು ಅದರೊಳಗೆ ಇಟ್ಟು, ಕೈ ಮತ್ತು ಸ್ಕ್ರೂ ಡ್ರೈವರ್ ಒಳಗೆ ಹಾಕಿ ಕೆಲಸ ಮಾಡಿ. ನೋಡಿದವರು ನಗಬಹುದು, ಆದರೆ ಕ್ಲಿಪ್ ಕವರಿನೊಳಗೇ ಉಳಿಯುತ್ತದೆ. ಡೆಕ್ ದೊಡ್ಡದಾಗಿ ಕವರಿಗೆ ಹಿಡಿಸದಿದ್ದರೆ ಕ್ಲಿಪ್ಪಿನ ಮೇಲೆ ಒಂದು ಚಿಟಿಕೆ ಗಟ್ಟಿ ಗ್ರೀಸ್ ಹಚ್ಚಿ, ಬಿಟ್ಟ ತಕ್ಷಣ ಅಂಟಿಕೊಂಡು ನಿಲ್ಲುತ್ತದೆ. ಆಮೇಲೆ ಅದನ್ನು ಪೂರ್ತಿ ಒರೆಸಲೇಬೇಕು. ಬೆಲ್ಟ್ ಅಥವಾ ರೋಲರಿನ ರಬ್ಬರಿಗೆ ಗ್ರೀಸ್ ಸೋಕಿದರೆ ಟೇಪ್ ಜಾರುತ್ತದೆ. ಕ್ಲಿಪ್ ಹಿಡಿಯಲು ಮ್ಯಾಗ್ನೆಟ್ ತರಲು ಹೋಗಬೇಡಿ. ಮ್ಯಾಗ್ನೆಟ್ ಮಾಡಿಸಿದ ಸ್ಕ್ರೂ ಡ್ರೈವರನ್ನೂ ಟೇಪಿನಿಂದ ದನಿ ಓದುವ ಹೆಡ್ಡಿನ ಹತ್ತಿರ ಸುಳಿಸಬೇಡಿ. ಹೆಡ್ಡಿಗೆ ಕಾಂತತೆ ಹತ್ತಿದರೆ ಸೊರ್ ಎನ್ನುವ ಸದ್ದು ಹೆಚ್ಚುತ್ತದೆ, ಕ್ಯಾಸೆಟ್ಟಿನ ಮೇಲಿನ ಸಣ್ಣ ದನಿಗಳೂ ನಿಧಾನಕ್ಕೆ ಅಳಿಯುತ್ತವೆ.

ಎರಡನೆಯದು ಸೀಳು ವಾಷರ್. ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್, ಒಂದು ಕಡೆ ಅಂಚಿನಿಂದ ಮಧ್ಯದವರೆಗೆ ಕೂದಲೆಳೆಯಷ್ಟು ಸೀಳು. ಇದು ಮೇಲಿನಿಂದ ಒತ್ತಿ ಕೂರಿಸಿದ್ದು. ಸೀಳಿನ ಒಂದು ಬದಿಯ ಕೆಳಗೆ ಸೂಜಿ ತೂರಿಸಿ ಸ್ವಲ್ಪ ಎತ್ತಿ, ಅದು ಎದ್ದ ಮೇಲೆ ಚಿಮುಟದಿಂದ ಹಿಡಿದು ಮೇಲಕ್ಕೆ ತನ್ನಿ. ಹಳೆಯದಾದರೆ ಒಡೆಯಬಹುದು. ಒಡೆದರೆ ಹೋಗಲಿ, ಅದು ಬದಲಾಯಿಸಲೆಂದೇ ಇರುವ ವಸ್ತು.

ನಿಮ್ಮ ಫ್ಲೈವೀಲ್ ಬಾರದಿರಲು ಕಾರಣವೂ ಇದೇ ವಾಷರ್ ಇರಬಹುದು. ಹಿಂಭಾಗದ ತಗಡಿನ ಸ್ಕ್ರೂಗಳನ್ನು ನೀವು ತೆಗೆದಿರುತ್ತೀರಿ. ಆದರೆ ಫ್ಲೈವೀಲಿನ ಶಾಫ್ಟ್ ಮುಂದುಗಡೆ ಕ್ಯಾಪ್‌ಸ್ಟನ್ ಆಗಿ ಚಾಚಿಕೊಂಡಿದೆ, ಟೇಪನ್ನು ಎಳೆಯುವುದು ಅದೇ. ಆ ಕಡ್ಡಿಯ ಬುಡದಲ್ಲಿ ತೆಳ್ಳನೆಯ ಸೀಳು ವಾಷರ್ ಹಲವು ಡೆಕ್ಕುಗಳಲ್ಲಿ ಇರುತ್ತದೆ. ದೂಳು, ಎಣ್ಣೆ ಕೂಡಿ ಕಾಣುವುದೇ ಇಲ್ಲ. ಮುಂದಿನಿಂದ ಅದನ್ನು ತೆಗೆಯದೆ ಹಿಂದಿನಿಂದ ಎಷ್ಟು ಎಳೆದರೂ ಬರುವುದಿಲ್ಲ. ಕ್ಯಾಪ್‌ಸ್ಟನ್ ಕಡ್ಡಿಗೆ ಮಾತ್ರ ಪ್ಲೈಯರ್ ಹಾಕಬೇಡಿ. ಅದರ ಮೇಲೆ ಒಂದು ಗೀರು ಬಿದ್ದರೂ ಹಾಡಿನ ದನಿ ಅದುರುತ್ತದೆ, ಆ ಗೀರಿಗೆ ರಿಪೇರಿ ಇಲ್ಲ.

ಫ್ಲೈವೀಲ್ ಹೊರಬಂದಾಗ ತಕ್ಷಣ ಎತ್ತಿಡಬೇಡಿ. ತಿರುಗಿಸಿ ಕೆಳಗೆ ನೋಡಿ. ಕಾಗದದಷ್ಟು ತೆಳ್ಳನೆಯ ಒಂದೆರಡು ವಾಷರ್ ಎಣ್ಣೆಗೆ ಅಂಟಿಕೊಂಡು ಅದರ ಜೊತೆ ಬಂದಿರಬಹುದು, ಅಥವಾ ಬೇರಿಂಗಿನ ಮೇಲೇ ಉಳಿದಿರಬಹುದು. ಅವು ಎಷ್ಟು, ಯಾವ ಕ್ರಮದಲ್ಲಿ ಇದ್ದವು ಅನ್ನುವುದು ಮುಖ್ಯ. ಒಂದು ತಪ್ಪಿದರೆ ಫ್ಲೈವೀಲ್ ತಗಡಿಗೆ ಉಜ್ಜುತ್ತದೆ, ಒಂದು ಜಾಸ್ತಿಯಾದರೆ ಬಿಗಿಯಾಗಿ ಮೋಟಾರ್ ಎಳೆಯಲಾರದು. ಮತ್ತೆ ಜೋಡಿಸಿದ ಮೇಲೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದರೆ ಕೂದಲೆಳೆಯಷ್ಟು ಆಟ ಇರಬೇಕು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ ಭಾಗಗಳನ್ನು ವಾರದ ಮಾತ್ರೆ ಇಡುವ ಏಳು ಖಾನೆಯ ಡಬ್ಬಿಯಲ್ಲಿ, ಬಿಚ್ಚಿದ ಕ್ರಮದಲ್ಲೇ ಹಾಕುತ್ತಾ ಹೋಗಿ.

ಮೂರನೆಯದು ನಕ್ಷತ್ರದ ಲಾಕ್. ತೆಳ್ಳನೆಯ ತಗಡು, ಒಳಗೆ ಮೇಲಕ್ಕೆ ಬಾಗಿದ ಚೂಪು ಹಲ್ಲುಗಳು. ಒಳಗೆ ಹೋಗುತ್ತದೆ, ಹೊರಗೆ ಬಾರದು. ತೆಗೆದರೆ ಅದು ಹಾಳಾದ ಹಾಗೇ ಲೆಕ್ಕ. ಹೊಸದು ಕೈಯಲ್ಲಿ ಇಲ್ಲದಿದ್ದರೆ ಮುಟ್ಟಲೇಬೇಡಿ. ಬೆಲ್ಟ್ ಬದಲಿಸುವ ಕೆಲಸಕ್ಕೆ ಅದನ್ನು ತೆಗೆಯುವ ಪ್ರಸಂಗ ಕಡಿಮೆ. ಇನ್ನು ಕ್ಯಾಸೆಟ್ ಕೂರುವ ರೀಲುಗಳ ನಡುವೆ ಪ್ಲಾಸ್ಟಿಕ್ಕಿನಲ್ಲೇ ಎರಕವಾದ ಕೊಕ್ಕೆಗಳಿರುತ್ತವೆ. ಅವನ್ನು ಒಳಕ್ಕೆ ಒತ್ತಿ ರೀಲನ್ನು ಮೇಲೆತ್ತಬೇಕು. ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಮುರಿಯುವ ಭಯ ಕಡಿಮೆ. ಎರಡು ತೂತುಗಳಿರುವ ಸರ್‌ಕ್ಲಿಪ್ ನಿಮ್ಮ ಡೆಕ್ಕಿನಲ್ಲಿ ಇರುವ ಸಾಧ್ಯತೆ ಕಡಿಮೆ. ಎಲ್ಲಾದರೂ ಕಂಡರೆ ಅದಕ್ಕೆ ಅದರದ್ದೇ ಪ್ಲೈಯರ್ ಬೇಕು.

ಕ್ಲಿಪ್ ಸಿಗಲೇ ಇಲ್ಲ ಅಂದುಕೊಳ್ಳಿ. ಅಂಗಡಿಯಲ್ಲಿ ಇ-ಕ್ಲಿಪ್ ಅಥವಾ ಇ-ರಿಂಗ್ ಅಂತ ಕೇಳಿ. ಆದರೆ ಯಾವ ಸೈಜು? ಇಲ್ಲಿ ಬಹಳ ಜನ ಎಡವುತ್ತಾರೆ. ಶಾಫ್ಟಿನ ದಪ್ಪ ಅಳೆದು ಎರಡು ಮಿಲಿಮೀಟರ್ ಕೊಡಿ ಅನ್ನುತ್ತಾರೆ. ಇ-ಕ್ಲಿಪ್ಪಿನ ಸೈಜು ಎಂದರೆ ಶಾಫ್ಟಿನ ದಪ್ಪ ಅಲ್ಲ, ತೋಡಿನ ತಳದ ದಪ್ಪ. ಎರಡು ಮಿಲಿಮೀಟರ್ ಶಾಫ್ಟಿನಲ್ಲಿ ತೋಡು 1.2 ಇರಬಹುದು, 1.5 ಕೂಡ ಇರಬಹುದು. ಜಪಾನಿ ಅಳತೆಯಲ್ಲಿ 1.2, 1.5, 2, 2.5, 3 ಹೀಗೆ ಬರುತ್ತವೆ. ಜರ್ಮನ್ ಅಳತೆಯಲ್ಲಿ 1.2, 1.5, 1.9, 2.3, 3.2. ಡೆಕ್ ಜಪಾನಿ ಮಾದರಿಯದ್ದಾದರೆ 2ರ ಜಾಗಕ್ಕೆ 1.9 ತಳ್ಳಿದರೆ ಹೋಗಬಹುದು, ಆದರೆ ಬಾಯಿ ಹಿಗ್ಗಿಹೋಗುತ್ತದೆ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇಲ್ಲದಿದ್ದರೆ ಒಂದು ಸುಲಭ ದಾರಿ ಇದೆ. ಅದೇ ಡೆಕ್ಕಿನಲ್ಲಿ ಅಷ್ಟೇ ದಪ್ಪದ ಇನ್ನೊಂದು ಶಾಫ್ಟಿನ ಕ್ಲಿಪ್ ತೆಗೆದು, ಕಳೆದುಹೋದ ಜಾಗಕ್ಕೆ ಹಾಕಿ ನೋಡಿ. ಸರಿ ಕೂತರೆ ಅದನ್ನೇ ಸ್ಯಾಂಪಲ್ ಆಗಿ ಒಯ್ಯಿರಿ.

ಬೆಂಗಳೂರಿಗೆ ಬಂದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ವಿಚಾರಿಸಬಹುದು. ಊರಲ್ಲೇ ಆದರೆ ರೇಡಿಯೋ ಅಂಗಡಿಗಿಂತ ಬೇರಿಂಗ್, ನಟ್-ಬೋಲ್ಟ್ ಮಾರುವವರ ಹತ್ತಿರ ಹೋಗಿ. ಆನ್‌ಲೈನಿನಲ್ಲಿ ನಾನಾ ಸೈಜು ತುಂಬಿದ ಡಬ್ಬಿ ಸಿಗುತ್ತದೆ, ಆದರೆ ಹಲವು ಡಬ್ಬಿಗಳು 1.5ರಿಂದ ಶುರುವಾಗುತ್ತವೆ. 1.2 ಬೇಕಿದ್ದರೆ ನೋಡಿ ತರಿಸಿ. ನನ್ನ ಇಷ್ಟದ ಜಾಗ ಗುಜರಿ. ಕೆಟ್ಟ ಪ್ರಿಂಟರ್ ಒಂದನ್ನು ಬಿಚ್ಚಿದರೆ ಬೇಕಾದಷ್ಟು ಇ-ಕ್ಲಿಪ್ ಸಿಗುತ್ತವೆ, ಜೊತೆಗೆ ಕೈ ಪಳಗಿಸಿಕೊಳ್ಳಲೂ ಆಯಿತು.

ಅಲ್ಲಿಯವರೆಗೆ ತಾತ್ಕಾಲಿಕವಾಗಿ ಏನು? ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯ ಎರಡು ಮಿಲಿಮೀಟರ್ ತುಂಡು, ಶಾಫ್ಟಿಗೆ ಬಿಗಿಯಾಗಿ ಕೂರುವಂಥದ್ದು, ಮೇಲಿನಿಂದ ತೂರಿಸಿ. ಭಾರ ಬೀಳದ ಜಾಗದಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ಒಂದೇ ಹನಿ ಫೆವಿಕ್ವಿಕ್ ಹಾಕಿದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಆ ಹನಿ ಶಾಫ್ಟಿನ ಉದ್ದಕ್ಕೂ ಇಳಿದು ರೋಲರಿನ ನಡುವಿನ ತೂತಿನಲ್ಲಿ (ಬುಶ್) ಗಟ್ಟಿಯಾಗುತ್ತದೆ. ಕ್ಲಿಪ್ಪಿನ ಜೊತೆ ರೋಲರನ್ನೂ ಕಳೆದುಕೊಳ್ಳುತ್ತೀರಿ.

ಕ್ಲಿಪ್ ಹಾಕುವಾಗ ನೋಸ್ ಪ್ಲೈಯರಿನಲ್ಲಿ ಚಪ್ಪಟೆಯಾಗಿ ಹಿಡಿದು, ಬಾಯಿಯನ್ನು ತೋಡಿಗೆ ಸರಿಯಾಗಿ ಎದುರಿಟ್ಟು ತಳ್ಳಿ. ಟಿಕ್ ಅಂದ ಮೇಲೆ ಸೂಜಿಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಆದರೆ ತಾನಾಗಿ ವಾಲಾಡಬಾರದು. ವಾಲಾಡಿದರೆ ಬಾಯಿ ಹಿಗ್ಗಿದೆ ಎಂದರ್ಥ, ಬದಲಾಯಿಸಿ. ಕ್ಲಿಪ್ಪಿನ ಒಂದು ಮುಖದ ಅಂಚು ನುಣುಪು, ಇನ್ನೊಂದರದ್ದು ಚೂಪು ಇರುತ್ತದೆ, ಉಗುರು ಆಡಿಸಿದರೆ ಗೊತ್ತಾಗುತ್ತದೆ. ನುಣುಪು ಮುಖ ರೋಲರಿನ ಕಡೆಗೆ, ಚೂಪು ಅಂಚಿನ ಮುಖ ಆಚೆಗೆ ಇರಲಿ.

ಕರಗಿದ ಬೆಲ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಿಂದ ಒರೆಸಿ. ಪುಲ್ಲಿಯ ತೋಡಿನಲ್ಲಿ ಒಂದು ಚೂರೂ ಉಳಿಯಬಾರದು. ಹೊಸ ಬೆಲ್ಟಿನ ಅಳತೆಗೆ, ಬೆಲ್ಟ್ ಸಾಗುವ ದಾರಿಯಲ್ಲೇ ದಾರ ಸುತ್ತಿ ಅಳೆಯಿರಿ. ಅದಕ್ಕಿಂತ ಶೇಕಡಾ 5ರಷ್ಟು ಕಡಿಮೆ ಸುತ್ತಳತೆಯದ್ದು ಕೇಳಿ.

ಈಗ ಟ್ರಾನ್ಸಿಸ್ಟರ್. ಸಿ1815 ಅಂದರೆ 2ಎಸ್‌ಸಿ1815. ಜಪಾನಿ ಪದ್ಧತಿಯಲ್ಲಿ ಮುಂದಿನ 2ಎಸ್ ಅನ್ನು ಮೈಮೇಲೆ ಬರೆಯುವುದಿಲ್ಲ. ಟ್ರಾನ್ಸಿಸ್ಟರಿನಲ್ಲಿ ಕರೆಂಟ್ ಹರಿಯುವ ದಿಕ್ಕು ಬೇರೆಬೇರೆ ಇರುವ ಎರಡು ಬಗೆಗಳಿವೆ. ಎ, ಬಿ ಎಂದು ಶುರುವಾದರೆ ಪಿಎನ್‌ಪಿ, ಸಿ, ಡಿ ಎಂದರೆ ಎನ್‌ಪಿಎನ್. ಬಿಸಿ547 ಯುರೋಪಿನ ಪದ್ಧತಿ. ಅಲ್ಲಿ ಮೊದಲ ಬಿ ಅಂದರೆ ಸಿಲಿಕಾನ್, ಸಿ ಅಂದರೆ ಸಣ್ಣ ಶಕ್ತಿಯ ಆಡಿಯೋ ಟ್ರಾನ್ಸಿಸ್ಟರ್.

ಅಂಗಡಿಯವರು ಹೇಳಿದ್ದು ಅರ್ಧ ಸರಿ. ಎರಡೂ ಎನ್‌ಪಿಎನ್. ಸಿ1815 ತಾಳುವುದು 50 ವೋಲ್ಟ್, 150 ಮಿಲಿಆಂಪಿಯರ್. ಬಿಸಿ547 ತಾಳುವುದು 45 ವೋಲ್ಟ್, 100 ಮಿಲಿಆಂಪಿಯರ್. ಟೂ-ಇನ್-ಒನ್‌ನ ಸಣ್ಣ ಸಿಗ್ನಲ್ ಕೆಲಸಕ್ಕೆ ಅಷ್ಟು ಸಾಕು. ತೊಡಕು ಇರುವುದು ಎಮಿಟರ್, ಕಲೆಕ್ಟರ್, ಬೇಸ್ ಎಂಬ ಮೂರು ಕಾಲುಗಳ ಸಾಲಿನಲ್ಲಿ. ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಮಾಡಿ ಹಿಡಿಯಿರಿ. ಸಿ1815ರಲ್ಲಿ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಹಾಗೇ ಹಾಕಿದರೆ ಮೂರೂ ತಪ್ಪು. ಹಿಂದುಮುಂದು ತಿರುಗಿಸಿ ಹಾಕಿದರೆ ಎಮಿಟರ್ ಸರಿಯಾಗುತ್ತದೆ, ಉಳಿದೆರಡು ಇನ್ನೂ ಅದಲುಬದಲು. ಆ ಎರಡು ಕಾಲುಗಳನ್ನು ಒಂದರ ಮೇಲೊಂದು ದಾಟಿಸಿ, ಒಂದಕ್ಕೊಂದು ತಾಗದಂತೆ ಒಂದಕ್ಕೆ ಪ್ಲಾಸ್ಟಿಕ್ ಕೊಳವೆ (ಸ್ಲೀವ್) ಹಾಕಿ ಸಾಲ್ಡರ್ ಮಾಡಬೇಕು.

ಅಷ್ಟೆಲ್ಲ ಯಾಕೆ? ವಾಪಸ್ ಹೋಗಿ ಸಿ1815 ಇಲ್ಲದಿದ್ದರೆ ಸಿ945 ಕೊಡಿ ಅನ್ನಿ. ಅದರ ಕಾಲುಗಳ ಸಾಲು ಸಿ1815ರ ಹಾಗೇ. ಬೋರ್ಡಿನ ತೂತುಗಳ ಪಕ್ಕದಲ್ಲಿ ಇ, ಸಿ, ಬಿ ಎಂದು ಅಚ್ಚಾಗಿದ್ದರೆ ಅದಕ್ಕೂ ತಾಳೆ ನೋಡಿ. ಹಾಕುವ ಮುಂಚೆ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಪರೀಕ್ಷಿಸಿ. ಕೆಂಪು ಕಡ್ಡಿ ಬೇಸಿಗೆ ಇಟ್ಟಾಗ ಕಪ್ಪು ಕಡ್ಡಿ ಉಳಿದ ಎರಡೂ ಕಾಲುಗಳಲ್ಲಿ 0.6ರಿಂದ 0.7 ತೋರಿಸಬೇಕು. ಎರಡರಲ್ಲಿ ತುಸು ಜಾಸ್ತಿ ತೋರಿಸಿದ್ದು ಎಮಿಟರ್. ಸಿ1815ರ ಕೆಳಗೆ ವೈ ಅಥವಾ ಜಿಆರ್ ಅಂತ ಇನ್ನೊಂದು ಗುರುತು ಇರುತ್ತದೆ, ಅದು ಗೇನ್ ದರ್ಜೆ, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ. ವೈ ಅಂದರೆ 120ರಿಂದ 240, ಜಿಆರ್ ಅಂದರೆ 200ರಿಂದ 400. ಅದೇ ದರ್ಜೆ ಸಿಕ್ಕರೆ ಒಳ್ಳೆಯದು. ಬೋರ್ಡಿನ ಮೇಲೆ ಅಚ್ಚಾದ ಕ್ಯೂ3, ಆರ್12 ಇತ್ಯಾದಿ ಆ ಜಾಗದ ನಂಬರು ಮಾತ್ರ. ಕ್ಯೂ3 ಕೊಡಿ ಅಂತ ಅಂಗಡಿಗೆ ಹೋಗಬೇಡಿ.

ಕೊನೆಗೆ 9142. ಅದು ಐಸಿಯ ನಂಬರೇ ಅಲ್ಲ ಅನಿಸುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವರ್ಷ, ಕೊನೆಯೆರಡು ವಾರ. 1991ನೇ ಇಸವಿಯ 42ನೇ ವಾರ ತಯಾರಾದ ಐಸಿ. ನಿಮ್ಮ ತಂದೆ ಸೆಟ್ ಕೊಂಡದ್ದು 1992ರ ಆಸುಪಾಸಿನಲ್ಲಾ ಅಂತ ಮನೆಯಲ್ಲಿ ಕೇಳಿ, ಹೌದಾದರೆ ಲೆಕ್ಕ ಕೂಡಿತು. ನಾಲ್ಕಂಕಿ ಇದ್ದದ್ದೆಲ್ಲ ತಾರೀಖು ಅಂತಲ್ಲ. 4558 ಅಂತ ಇದ್ದರೆ ಅದು ತಾರೀಖು ಆಗಲಾರದು, ವರ್ಷಕ್ಕೆ 58 ವಾರ ಎಲ್ಲಿದೆ? ಅದು ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಆಪ್-ಆಂಪ್ ಐಸಿ. 7805 ತಾರೀಖಿನ ಹಾಗೆ ಕಂಡರೂ, ಮೂರು ಕಾಲು ಮತ್ತು ಬೆನ್ನಿಗೆ ಲೋಹದ ಪಟ್ಟಿ ಇದ್ದರೆ ಅದು ವೋಲ್ಟೇಜನ್ನು 5ಕ್ಕೆ ಸ್ಥಿರವಾಗಿಡುವ ರೆಗ್ಯುಲೇಟರ್.

ನಿಮ್ಮ ಐಸಿಯ ನಿಜವಾದ ನಂಬರು ಇನ್ನೊಂದು ಸಾಲಿನಲ್ಲಿ ಮಸುಕಾಗಿ ಇರಬೇಕು. ಆಲ್ಕೋಹಾಲಿನಿಂದ ಒರೆಸಿ, ಚಾಕ್‌ಪೀಸ್ ಉಜ್ಜಿ, ಟಾರ್ಚಿನ ಓರೆ ಬೆಳಕಿನಲ್ಲಿ ಓದಿ. ಎಲ್‌ಎ ಎಂದು ಶುರುವಾದರೆ ಸ್ಯಾನ್ಯೋ, ಟಿಎ ಆದರೆ ತೋಶಿಬಾ, ಎಎನ್ ಆದರೆ ಪ್ಯಾನಸೋನಿಕ್, ಬಿಎ ಆದರೆ ರೋಮ್, ಸಿಎಕ್ಸ್‌ಎ ಆದರೆ ಸೋನಿ.

ಅದಕ್ಕೂ ಮೊದಲು, ಆ ಐಸಿ ಹಾಳಾಗಿದೆ ಅಂತ ನಿಮಗೆ ಹೇಳಿದವರು ಯಾರು? ರೇಡಿಯೋ ಚೆನ್ನಾಗಿ ಹಾಡುತ್ತದೆ ಅಂತ ನೀವೇ ಬರೆದಿದ್ದೀರಿ. ಟೂ-ಇನ್-ಒನ್‌ನಲ್ಲಿ ರೇಡಿಯೋಗೂ ಕ್ಯಾಸೆಟ್ಟಿಗೂ ಸ್ಪೀಕರಿಗೆ ಹೋಗುವ ಆಂಪ್ಲಿಫಯರ್ ಒಂದೇ. ಬಿಸಿ ಹೊರಹಾಕುವ ಲೋಹದ ತಗಡು (ಹೀಟ್ ಸಿಂಕ್) ಅಂಟಿಸಿದ, ಸ್ಪೀಕರಿಗೆ ಸೇರುವ ಐಸಿ ಅದಾಗಿದ್ದರೆ ಅದು ಸರಿಯಾಗಿಯೇ ಇದೆ, ಹುಡುಕುವುದನ್ನು ನಿಲ್ಲಿಸಿ. ಟೇಪ್ ಹೆಡ್ಡಿನ ವೈರ್ ಬರುವ ಜಾಗದ ಸಣ್ಣ ಐಸಿ ಆದರೆ, ಮೊದಲು ಟ್ರಾನ್ಸಿಸ್ಟರ್ ಮತ್ತು ಬೆಲ್ಟ್ ಹಾಕಿ ಕ್ಯಾಸೆಟ್ ತಿರುಗಿಸಿ. ದನಿ ಬಂದರೆ ಅದನ್ನೂ ಅಲ್ಲೇ ಬಿಡಿ. ಬರದಿದ್ದರೆ ಒರೆಸಿ ಓದಿದ ಪೂರ್ತಿ ಸಾಲನ್ನು ಬರೆದು ಕಳಿಸಿ, ಕಾಲುಗಳು ಎಷ್ಟಿವೆ ಎಂದು ಎಣಿಸಿ ಅದನ್ನೂ ಸೇರಿಸಿ.